ಹತ್ತು ದಿನದ ಎಣ್ಣೆ, ಎಂಟನೇ ದಿನದ ಹಣ್ಣು

ಸಂಡೂರಿನ ಗುಡ್ಡದ ತಂಪನ್ನು ನಂಬಿ ನಾನು ಆರು ಮಡಿ ಸ್ಟ್ರಾಬೆರಿ ಹಚ್ಚಿದ ವರ್ಷ, ಊರವರ ಪಾಲಿಗೆ ನನ್ನ ಬುದ್ಧಿ ಅಧಿಕೃತವಾಗಿ ನಿವೃತ್ತಿ ಹೊಂದಿತು. ಹೊಲ ನನಗೂ ಅಕ್ಕನಿಗೂ ಜಂಟಿ. ಮೆಟ್ರಿ ಊರಿಗೆ ಮದುವೆ ಮಾಡಿ ಕೊಟ್ಟ ಅಕ್ಕನದು ಒಂದೇ ಷರತ್ತು: ಎಳ್ಳಮಾವಾಸ್ಯೆಗೆ ಬಂದಾಗ ಹಣ್ಣು ತಿಂದು ನೋಡುತ್ತಾಳೆ, ಒಪ್ಪದಿದ್ದರೆ ಮುಂದಿನ ವರ್ಷ ಮತ್ತೆ ಮೆಣಸಿನಕಾಯಿ.

ಹಬ್ಬಕ್ಕೆ ಎಂಟು ದಿನ ಇರುವಾಗ ಎಳೆ ಎಲೆಗಳ ಕೆಳಗೆ ಹಸಿರು ಸಸ್ಯಹೇನು ಕಂಡವು. ಎಲೆಯೆಲ್ಲ ಅಂಟು, ಅದರ ಮೇಲೆ ಇರುವೆಗಳ ಮೆರವಣಿಗೆ. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಎನ್ನುತ್ತೇವೆ. ಹೊಸಪೇಟೆಯ ಅಂಗಡಿಯವನನ್ನು ಕೇಳಿದೆ, "ಎಷ್ಟು ದಿನ ತಡೀತೈತ್ರಿ?"

"ಹತ್ತು ದಿನ ಹೇನಿನ ಸುದ್ದಿ ಇರಂಗಿಲ್ರಿ."

ಹತ್ತು ಎಂಟಕ್ಕಿಂತ ದೊಡ್ಡದೆಂಬ ಗಣಿತದ ಬಲದಿಂದ ಅಂದು ಸಂಜೆಯೇ ಹೊಡೆದೆ. ಮೂರನೇ ದಿನಕ್ಕೆ ಹೇನು ಒಣಗಿ ಕಪ್ಪಾಗಿದ್ದವು. ಗೆದ್ದ ದಳವಾಯಿಯಂತೆ ಮಡಿಗಳ ನಡುವೆ ಅಡ್ಡಾಡಿದೆ.

ಹಬ್ಬದ ದಿನ ಅಕ್ಕ ಸಜ್ಜೆ ರೊಟ್ಟಿ, ಪಲ್ಯ, ಎಳ್ಳು ಹೋಳಿಗೆಯ ಬುಟ್ಟಿ ತಂದಳು. ಭೂಮಿತಾಯಿಗೆಂದು ಅಡುಗೆಯನ್ನು ಹೊಲದ ತುಂಬ ಚೆಲ್ಲಿದೆವು, ಚರಗ ಮುಗಿಯಿತು. ಕೆಂಪಗಿದ್ದ ಹಣ್ಣೊಂದನ್ನು ಕಿತ್ತು ಚಾಚಿದೆ. ಅವಳು ಕೈ ಮುಂದೆ ಮಾಡಲಿಲ್ಲ.

"ಎಣ್ಣಿ ಯಾವಾಗ ಹೊಡದಿ?"

"ಎಂಟು ದಿನಾತಕ್ಕ."

"ಇನ್ನೂ ಹೇನು ಸಾಯ್ತಾವೇನು?"

"ಮತ್ತ! ಹತ್ತು ದಿನ ಗ್ಯಾರಂಟಿ ಐತಿ."

"ಹಂಗಂದ್ರ ಹೇನಿಗೆ ಇನ್ನೂ ವಿಷ, ನನಗ ಮಾತ್ರ ಪ್ರಸಾದೇನಲೇ?"

ಬಾಟಲಿಯ ಜೊತೆ ಬಂದ ಚೀಟಿಯನ್ನು ಆಗ ಕನ್ನಡಕ ಹಾಕಿ ಓದಿದೆ. ಹೊಡೆದ ಮೇಲೆ ಎಷ್ಟು ದಿನ ಕೊಯ್ಯಬಾರದೆಂದು ಹತ್ತಿಗೆ ಬರೆದಿತ್ತು, ಮೆಣಸಿನಕಾಯಿಗೆ ಬರೆದಿತ್ತು. ಸ್ಟ್ರಾಬೆರಿ ಎಂಬ ಪ್ರಜೆಯ ಹೆಸರೇ ಆ ಪಟ್ಟಿಯಲ್ಲಿ ಇರಲಿಲ್ಲ. ಅಂಗಡಿಯಲ್ಲಿ ನಾನು ಹೇನಿನ ಆಯುಷ್ಯ ವಿಚಾರಿಸಿದ್ದೆ, ಅಕ್ಕನದನ್ನು ಮರೆತಿದ್ದೆ.

ಅಷ್ಟರಲ್ಲಿ ಅಕ್ಕ ಬಗ್ಗಿ ಎಲೆಯೊಂದನ್ನು ಮಗುಚಿದಳು. "ನಿನ್ನ ಗ್ಯಾರಂಟಿ ನೋಡಿಲ್ಲಿ." ಎಣ್ಣೆ ತಾಗದ ಮಡಿಕೆಯಲ್ಲಿ ತಾಯಿ ಹೇನೊಂದು ಮರಿಗಳೊಡನೆ ಸುಖವಾಗಿ ಸಂಸಾರ ಹೂಡಿತ್ತು.

ಹಣ್ಣನ್ನೆಲ್ಲ ಕಿತ್ತು ಗುಂಡಿಯಲ್ಲಿ ಮುಚ್ಚಿದೆವು. ಊಟಕ್ಕೆ ಕುಳಿತಾಗ ಅಕ್ಕ ತೀರ್ಪು ಕೊಟ್ಟಳು: "ಮುಂದಿನ ವರ್ಷ ಎರಡು ಮಡಿ ಇಟ್ಕೊ, ಉಳಿದದ್ದು ಮೆಣಸಿನಕಾಯಿ. ಆ ಎರಡಕ್ಕ ಎಣ್ಣಿ ಬ್ಯಾಡ. ನೀರು ಹೊಡಿ, ಎಲಿ ಒರಸು. ಕೈ ಅದಾವಲ್ಲ?"

ಈ ವರ್ಷ ಎರಡು ಮಡಿ ಇವೆ. ಎಲೆ ಮಗುಚಿ ಒರೆಸಲು ಬೆಳಿಗ್ಗೆ ಒಂದು ತಾಸು ಬೇಕು. ಪರಿಣಾಮ ಮೂರು ದಿನ ನಿಲ್ಲುತ್ತದೆ. ನಾಲ್ಕನೇ ದಿನ ಮತ್ತೆ ಹೋಗಿ ಕೂರುತ್ತೇನೆ.