ತಟ್ಟೆಯಲ್ಲಿ ಕಣ್ಣು ಹಿಡಿದವಳು

ನನ್ನ ಮೊಮ್ಮಗಳಿಗೆ ಕಣ್ಣು ಕಾಣುತ್ತದೆ. ಇವತ್ತು ಬೆಳಿಗ್ಗೆ ಅಂಗಳದಲ್ಲಿ ಕೆಂಪು ಸೀರೆ ಕೊಡವಿದೆ. ಸೀರೆ ಹೋದತ್ತ ಆ ಮೂರು ತಿಂಗಳ ಕಣ್ಣೂ ಹೋದವು. ಮತ್ತೆ ಕೊಡವಿದೆ, ಮತ್ತೆ ಹೋದವು. ಗಂಗೊಳ್ಳಿಯ ನಮ್ಮ ಕೇರಿಗೆಲ್ಲ ಹೇಳಿ ಬಂದೆ. ಮೊದಲು ಹೇಳಬೇಕಾಗಿದ್ದದ್ದು ಆಚೆಮನೆಯ ಬಾಯಮ್ಮನಿಗೆ. ಅವರೇ ಇಲ್ಲ.

ಇಗರ್ಜಿಗೆ ಹೋಗುವ ಬಾಯಮ್ಮ. ಬೆರಳ ಸಂದಿಯಲ್ಲಿ ಸದಾ ಮೇಣ. ಸಂಜೆ ಬತ್ತಿ ಹಚ್ಚುವ ಮೊದಲು ಸಂತ ಲೂಸಿಯ ಪಟವನ್ನು ಸೆರಗಿನಿಂದ ಒರೆಸಿ, "ಒಲಿ ಹೊಗೆ ಇವ್ಳನ್ನೂ ಬಿಟ್ಟದ್ದಿಲ್ಲೆ" ಎನ್ನುವರು. ಪಟದ ಹೆಂಗಸಿನ ಒಂದು ಕೈಯಲ್ಲಿ ತಾಳೆಯ ಗರಿ, ಇನ್ನೊಂದರಲ್ಲಿ ತಟ್ಟೆ, ತಟ್ಟೆಯಲ್ಲಿ ಎರಡು ಕಣ್ಣು. ನಮ್ಮ ದೇವಸ್ಥಾನದಲ್ಲಿ ಕಣ್ಣುಬೇನೆಯವರು ಬೆಳ್ಳಿಯ ಕಣ್ಣು ಒಪ್ಪಿಸುತ್ತಾರಲ್ಲ, ಇದೂ ಯಾರದೋ ಹರಕೆ ಎಂದುಕೊಂಡಿದ್ದೆ.

ಮಗಳು ಚಿಕ್ಕವಳಿದ್ದಾಗ ಸಿಡುಬು ಬಂತು. ಸಿಡುಬು ಇಳಿಯಿತು, ಎರಡು ಕಣ್ಣೂ ಹೋದವು. ಆಸ್ಪತ್ರೆಯಲ್ಲಿ ಇನ್ನು ಆಗುವುದಿಲ್ಲ ಎಂದರು. ಬೆಳ್ಳಿಯ ಕಣ್ಣು ಮಾಡಿಸಿ ಬಾಯಮ್ಮನ ಕೈಗಿಟ್ಟೆ.

"ಆ ತಟ್ಟಿಗೆ ಇದನ್ನೂ ಹಾಕಿ ಬಾಯಮ್ಮ."

"ಅದ್ ಹರ್ಕಿ ಅಲ್ಲ, ಅವ್ಳ್ದೇ ಕಣ್ಣ್. ದೇವ್ರನ್ನ್ ಬಿಡುದಿಲ್ಲೆ ಅಂದದ್ಕೆ, ಕೊಲ್ಲುಕ್ ಮುಂಚೆ ಕಿತ್ರಂಬ್ರ್. ಆ ಗರಿ, ಸತ್ರೂ ಸೋಲ್ಲಿಲ್ಲೆ ಅಂಬುಕೆ."

"ಹಂಗಾರೆ ಮುಖದಲ್ಲ್ ಇಪ್ಪುದ್ ಎಂತ?"

"ದೇವ್ರ್ ಮತ್ತೆ ಕೊಟ್ಟದ್."

"ಅವ್ಳಿಗೆ ಕೊಟ್ಟ. ನನ್ ಮಗ್ಳಿಗ್ ಎಂತಕ್ ಕೊಟ್ಟದ್ದಿಲ್ಲೆ?"

ಬಾಯಮ್ಮ ಪಟ ನೋಡಿದರು, ನನ್ನನ್ನು ನೋಡಿದರು. "ನಂಗ್ ಗೊತ್ತಿಲ್ಲೆ ಮಾರಾಯ್ತಿ. ಗೊತ್ತಿತ್ ಅಂದ್ರೆ ಸುಳ್ಳಾತ್."

ಆದರೂ ಪಟ ಇಳಿಸಿ ಚೌಕಟ್ಟಿನ ಸಂದಿಗೆ ಬೆಳ್ಳಿಯ ಕಣ್ಣು ಸಿಕ್ಕಿಸಿದರು. ಇಬ್ಬರೂ ಅಲ್ಲೇ ಕುಳಿತು ಅತ್ತೆವು. ಏನೂ ಆಗಲಿಲ್ಲ.

ಆಮೇಲೆ ಮಧ್ಯಾಹ್ನಗಳಲ್ಲಿ ಬಾಯಮ್ಮ ಹರಿದ ಬಲೆ ತಂದು, ಮಗಳ ಬೆರಳು ಹಿಡಿದು ಗಂಟು ಹಾಕಿಸುವರು. "ಹ್ವಾಯ್ ರಾಣಿ, ನಿನ್ ಗಂಡನ್ ಬಲಿ ಅಂದ್ಕಂಡ್ ಕಟ್ಟ್, ಆಗ ಗಟ್ಟಿ ಆತ್." ಮಗಳು ಗಂಟು ಕಲಿತಳು, ಮತ್ತೆ ನಗಲು ಕಲಿತಳು, ಬೈಂದೂರಿನ ಹುಡುಗನನ್ನು ಮದುವೆಯಾದಳು.

ಅವಳು ಬಸುರಿಯಾದಾಗ ಊರವರೆಲ್ಲ ಒಂದೇ ಮಾತು: ಮಗುವಿಗೂ ತಾಯಿಯ ಹಾಗೇ ಆದರೆ? ನಾನು ಆಚೆಮನೆಗೆ ಹೋದೆ. ಬಾಯಮ್ಮ ಆಗ ಹಾಸಿಗೆ ಹಿಡಿದಿದ್ದರು. "ಶಿಶುಗೆ ಕಣ್ಣ್ ಕಾಂತಾ, ಇಲ್ಯಾ, ಬಂದ್ ಹೇಳ್" ಎಂದರು. ಹೆರಿಗೆಗೆ ಮೊದಲೇ ಹೋದರು. ಹೇಳುವ ಸುದ್ದಿ ನನ್ನ ಹತ್ತಿರವೇ ಉಳಿದುಹೋಯಿತು.

ಇವತ್ತು ಸಂಜೆ ಎಲ್ಲರೂ ಒಟ್ಟಿಗೆ ಉಣ್ಣಲು ಕುಳಿತೆವು. ಮಗು ಅಳಿಯನ ತೊಡೆಯ ಮೇಲೆ. ಬಂಗಡೆಯ ಮುಳ್ಳು ಬಿಡಿಸುತ್ತಿದ್ದ ಮಗಳು ಕೇಳಿದಳು, "ಅಮ್ಮ, ಈಗ ಯಾರನ್ನ್ ಕಾಣ್ತಾ ಇತ್?"

"ನಿನ್ನನ್ನೇ."

ಅವಳು ತುತ್ತು ಕೆಳಗಿಟ್ಟು, ಮಗುವಿನತ್ತ ಮುಖ ಮಾಡಿ ಅಲ್ಲಾಡದೆ ಕುಳಿತಳು. ಮಗು ನೋಡಿ ಸಾಕಾಗುವವರೆಗೆ ನಾವೂ ಕೈ ತಡೆದೆವು. ಆಮೇಲೆ ಎಲ್ಲರೂ ಉಂಡೆವು.