ಗೈಬುಸಾಬ ಮಾಸ್ತರರು ನೋಡದ ಗೋರಿ

ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಫಾರ್ಸಿ ಕಲಿಸುತ್ತಿದ್ದ ಗೈಬುಸಾಬ ಮಾಸ್ತರರಿಗೆ, ಮುನ್ನೂರು ವರ್ಷದ ಹಿಂದೆ ಸತ್ತ ಸರದಾರರ ಕುದುರೆಗಳ ಬಣ್ಣ ಗೊತ್ತಿತ್ತು. ಮನೆಯ ಕುಡಿಯುವ ನೀರು ಯಾವ ಬಾವಿಯದೆಂದು ಗೊತ್ತಿರಲಿಲ್ಲ. ಅದು ಹೆಂಡತಿ ಶಮ್ಶುನ್ನೀಸಾಳ ತಲೆಯ ಮೇಲೆ ಬರುತ್ತಿತ್ತು.

ಇತಿಹಾಸವೂ ಅವಳ ಕೈಯಿಂದಲೇ ಬರುತ್ತಿತ್ತು. ಶಾಸನದ ಅಚ್ಚು ತೆಗೆಯಲು ಗಡಿಗೆ ತಳದ ಮಸಿ ಕೆರೆದು ಅರೆಯುವವಳು ಅವಳು. ಕಲ್ಲು ತಿಕ್ಕಿ ತೊಳೆದು, ಒದ್ದೆ ಕಾಗದ ಹಚ್ಚಿ, ಅಕ್ಷರದ ತಗ್ಗಿಗೆ ಕೂಡುವಂತೆ ಬಡಿಯುವವಳೂ ಅವಳೇ. ಮಾಸ್ತರರು ಮರದ ನೆರಳಲ್ಲಿ ಕೊಡೆಯನ್ನೂ ಹಿಡಿದು ನಿಂತು "ಮೆಲ್ಲಕ, ಮೆಲ್ಲಕ" ಎನ್ನುತ್ತಿದ್ದರು. ಇದಕ್ಕೆ ಸಂಶೋಧನೆ ಎಂದು ಹೆಸರು.

೧೯೬೧ರಲ್ಲಿ ತಾಳಿಕೋಟೆ ಹಾದಿಯ ಒಂದು ಹಳ್ಳಿಯ ಗುಮ್ಮಟ ಅವರ ಕಣ್ಣಿಗೆ ಬಿತ್ತು. ಹರಕೆಯ ಹೆಂಗಸರಷ್ಟೇ ಒಳಗೆ ಹೋಗಬೇಕು, ಗಂಡಸರು ಹೊಸ್ತಿಲಾಚೆ. ಶಮ್ಶುನ್ನೀಸಾ ಹೋಗಿ ಒಳಗೋಡೆಯ ಅಚ್ಚು ತಂದಳು. ಅದರಲ್ಲಿ ಒಂದು ಪ್ರಾರ್ಥನೆ, ಒಂದು ಇಸವಿ, ಹೆಸರಿಲ್ಲ. ಮಾಸ್ತರರಿಗೆ ಅಷ್ಟು ಸಾಕು. ವಾರದೊಳಗೆ, ತಾವು ಬರೆಯುತ್ತಿದ್ದ ಪುಸ್ತಕದಲ್ಲಿ, ಯುದ್ಧದಲ್ಲಿ ಮಡಿದ ಸರದಾರನೊಬ್ಬನನ್ನು ಆ ಗೋರಿಯಲ್ಲಿ ಮಲಗಿಸಿದರು. ಗಂಡಸರೇಕೆ ಒಳಗೆ ಹೋಗುವುದಿಲ್ಲ? ಅವನ ವಿಧವೆಯರು ಅಲ್ಲಿ ಕೂತು ಅಳುತ್ತಿದ್ದರಂತೆ!

ರೊಟ್ಟಿ ಬಡಿಯುತ್ತಲೇ ಅವಳೆಂದಳು: "ಅದು ಹೆಣ್ಣಿನ ಗೋರಿ ಐತ್ರಿ. ಗಂಡಸರ ಗೋರಿ ಮ್ಯಾಲ ಲೇಖಣಿಕಿ ಇಡೋ ಕಲಮದಾನಿ ಹಂಗ ಉಬ್ಬು ಇರ್ತೈತಿ. ಇದು ಬರಿಯೋ ಪಾಟಿ ಹಂಗ ಸಪಾಟ ಐತಿ."

"ಉಬ್ಬು ಸವದಿರಬೇಕು."

"ಯಾರು ಸವಸ್ಯಾರ್ರಿ? ಅಳಕೋತ ಕುಂತ ವಿಧವೆಯರೇನು?"

"ರೊಟ್ಟಿ ಹೊತ್ತಾಕತ್ತೈತಿ. ಅದನ್ನ ನೋಡು."

ಶಮ್ಶುನ್ನೀಸಾ ಎಂದೂ ಏನನ್ನೂ ಬೇಡಿದವಳಲ್ಲ. ತಾನು ಕಣ್ಣಾರೆ ಕಂಡದ್ದು ಕಂಡ ಹಾಗೆ ಪುಸ್ತಕದಲ್ಲಿ ಬರಬೇಕು ಎಂಬುದೊಂದು ಮಾತ್ರ ಅವಳಿಗೆ ಹಟವಾಯಿತು.

ಹಸ್ತಪ್ರತಿ ನೋಡಲು ಧಾರವಾಡದಿಂದ ಪ್ರೊಫೆಸರರೊಬ್ಬರು ಬಂದರು. "ಗೋರಿಯ ಮೇಲ್ಭಾಗ ಹೇಗಿದೆ?" ಎಂದು ಕೇಳಿದರು. ಮಾಸ್ತರರು ಕೆಮ್ಮಿದರು. ಚಹಾ ತಂದವಳು ಬಾಗಿಲ ಮರೆಯಿಂದಲೇ, "ಸಪಾಟ ಐತ್ರಿ ಸಾಹೇಬ್ರ. ಹೆಣ್ಣಿನ ಗೋರಿ" ಎಂದಳು.

"ಭಲೇ ಮಾಸ್ತರ!" ಪ್ರೊಫೆಸರರು ಗೈಬುಸಾಬರ ಬೆನ್ನು ತಟ್ಟಿದರು. "ಎಷ್ಟು ಸೂಕ್ಷ್ಮವಾಗಿ ನೋಡಿದ್ದೀರಿ!"

ಮಾಸ್ತರರು ವಿನಯದಿಂದ ತಲೆ ಬಾಗಿಸಿದರು. ಪುಸ್ತಕ ಅಚ್ಚಾಯಿತು. ಸರದಾರ ಹೋಗಿ ಹೆಣ್ಣುಮಗಳು ಬಂದಿದ್ದಳು. ಕೆಳಗೇ ಒಂದು ಸಾಲು: "ನಾನು ಖುದ್ದಾಗಿ ಒಳಹೊಕ್ಕು ಗೋರಿಯನ್ನು ಪರೀಕ್ಷಿಸಿದೆನು."

ಆ ಹಳ್ಳಿಯ ಸಾಲಿ ಮಾಸ್ತರರು ಆ ಸಾಲನ್ನು ಕಟ್ಟೆಯ ಮೇಲೆ ಓದಿ ಹೇಳಿದರು. ಮರುದಿನವೇ ಗುಮ್ಮಟಕ್ಕೆ ದೀಪ ಹಚ್ಚುವ ಚನ್ನವ್ವ ಎಂಟು ಹೆಂಗಸರನ್ನು ಕಟ್ಟಿಕೊಂಡು ಮುದ್ದೇಬಿಹಾಳದ ಬಸ್ಸು ಹತ್ತಿ ಬಂದಳು.

"ಏನ್ರಿ ಮಾಸ್ತರ, ಒಳಗ ಕಾಲಿಟ್ಟೀರೇನು? ನಮ್ಮ ಅಜ್ಜಂದಿರು ಇಡಲಾರದ ಕಾಲು ನೀವು ಇಟ್ರೇನು?"

ಓಣಿಯೆಲ್ಲ ನೆರೆಯಿತು. ಹೋಗಿದ್ದೆ ಎಂದರೆ ಊರು ಬಿಡುವುದಿಲ್ಲ. ಹೋಗಿಲ್ಲ ಎಂದರೆ ಪುಸ್ತಕ ಸುಳ್ಳು. ಗೈಬುಸಾಬರ ವಿದ್ವತ್ತು ಐದು ನಿಮಿಷವೂ ತಾಳಲಿಲ್ಲ.

"ನಾ ಹೋಗಿಲ್ಲವ್ವಾ," ಎಂದರು ಕೊನೆಗೆ. "ಈಕಿ ಹೋಗಿದ್ಲು. ನೋಡಿದಾಕಿ ಈಕಿನೇ."

ಚನ್ನವ್ವ ಶಮ್ಶುನ್ನೀಸಾಳನ್ನು ನೋಡಿದಳು, ಆಮೇಲೆ ಪುಸ್ತಕವನ್ನು.

"ಹಂಗಾರ ಇದರಾಗ ಆಕಿ ಹೆಸರು ಎಲ್ಲೈತಿ, ತೋರಿಸ್ರಿ."

ಮಾಸ್ತರರು ಪುಟ ತಿರುವತೊಡಗಿದರು. ಶಮ್ಶುನ್ನೀಸಾ ಎದುರಿಗೇ ನಿಂತು, ಇಲ್ಲದ ಹೆಸರನ್ನು ಹುಡುಕುತ್ತ ಅವರು ಕೊನೆಯ ಪುಟ ಮುಟ್ಟುವವರೆಗೂ ಕಣ್ಣು ತೆಗೆಯದೆ ನೋಡಿದಳು.