ಮೆರವಣಿಗೆಯ ಮೇಷ್ಟ್ರು

ಸುಪ್ರೀತಿ ಆ ಹಳ್ಳಿಯ ಶಾಲೆಗೆ ಕೆಲಸಕ್ಕೆ ಸೇರಲು ಬಂದಾಗ ಮುಖ್ಯೋಪಾಧ್ಯಾಯ ಭಬತೋಷ್ ಸಾಮಂತರು ಶಾಲೆಯಿಂದ ಹೊರಟು ನಿಂತಿದ್ದರು. ಹೆಗಲಿಗೆ ಬಟ್ಟೆಯ ಚೀಲ. ಸೈಕಲ್ಲಿನ ಹಿಂದೆ ಸುತ್ತಿ ಕಟ್ಟಿದ ಬಾವುಟ.

"ಬಂದ್ರಾ ದಿದಿಮಣಿ? ಒಳ್ಳೇದಾಯ್ತು. ನನ್ನ ನಾಲ್ಕನೇ ಕ್ಲಾಸನ್ನೂ ನಿಮ್ಮ ಜತೆ ಕೂರಿಸ್ಕೊಳ್ಳಿ. ಪೇಟೇಲಿ ಮೆರವಣಿಗೆ ಇದೆ." ಆ ಕಡೆ ಶಿಕ್ಷಕಿಯರನ್ನು ದಿದಿಮಣಿ ಎಂದೂ ಶಿಕ್ಷಕರನ್ನು ಮಾಸ್ಟರ್‌ಮಶಾಯ್ ಎಂದೂ ಕರೆಯುವುದು ವಾಡಿಕೆ.

"ಯಾವ ಪಾಠ ನಡೀತಿದೆ, ಮಾಸ್ಟರ್‌ಮಶಾಯ್?"

"ಮಕ್ಕಳನ್ನೇ ಕೇಳಿ. ನನಗಿಂತ ಅವಕ್ಕೇ ಚೆನ್ನಾಗಿ ಗೊತ್ತು," ಎಂದು ನಕ್ಕು ಪೆಡಲು ತುಳಿದರು.

ಬಾಂಕುಡಾ ಜಿಲ್ಲೆಯ ಆ ಭಾಗದಲ್ಲಿ ಇದನ್ನು ಯಾರೂ ತಪ್ಪೆಂದು ಎಣಿಸುತ್ತಿರಲಿಲ್ಲ. ಶಿಕ್ಷಕರ ಸಂಘವೆಂದರೆ ಪಕ್ಷದ ಬಲಗೈ. ಸಂಘದ ಕಾರ್ಯದರ್ಶಿಯಾದ ಭಬತೋಷರ ತರಗತಿಯನ್ನು ಉಳಿದವರು ನೋಡಿಕೊಳ್ಳುವುದು ರೂಢಿ. ಹೊಲದ ಬದುವಿನ ಜಗಳ, ಅತ್ತೆ ಸೊಸೆಯರ ಮುನಿಸು ಎಲ್ಲವೂ ಶಾಲೆಯ ಜಗುಲಿಯಲ್ಲೇ ಅವರ ಮುಂದೆ ತೀರ್ಮಾನವಾಗುತ್ತಿದ್ದವು. ಮನುಷ್ಯ ಕೆಟ್ಟವರಲ್ಲ. ಶಾಲೆಯ ಅಡುಗೆಯವಳಿಗೆ ಆಸ್ಪತ್ರೆಯಲ್ಲಿ ಹಾಸಿಗೆ ಕೊಡಿಸಿದರು. ಸುಪ್ರೀತಿಯ ಗಂಡನಿಗೆ ಹತ್ತಿರದ ಊರಿಗೆ ವರ್ಗ ಮಾಡಿಸಿದರು. ಮೈಕಿಲ್ಲದೆ ಬೀದಿ ಮೂಲೆಯಲ್ಲಿ ಭಾಷಣಕ್ಕೆ ನಿಂತರೆ ಅವರ ದನಿ ಕೆರೆಯಾಚೆಗೂ ಕೇಳುತ್ತಿತ್ತು.

ಒಂದು ಚುನಾವಣೆಯಲ್ಲಿ ಪಕ್ಷ ಸೋತಿತು. ಪಕ್ಷದ ಕಚೇರಿಯ ಗೋಡೆಗೆ ಬೇರೆ ಬಣ್ಣ ಬಂತು. ಚಹ ಕೊಡಿಸಲು ಪೈಪೋಟಿ ನಡೆಸುತ್ತಿದ್ದವರು ಮುಖ ತಿರುಗಿಸಿದರು. ಮೇಷ್ಟ್ರುಗಳು ಒಬ್ಬರ ಹಿಂದೊಬ್ಬರು ಹೊಸ ಪಕ್ಷದ ಸಂಘಕ್ಕೆ ಸೇರಿದರು. ಭಬತೋಷ್ ಮಾತ್ರ ಎಲ್ಲಿಗೂ ಹೋಗದೆ, ಒಂದು ಬೆಳಿಗ್ಗೆ ಸುಪ್ರೀತಿಯ ತರಗತಿಯ ಬಾಗಿಲಲ್ಲಿ ನಿಂತರು.

"ನಾಲ್ಕನೇ ಕ್ಲಾಸು ನನಗೆ ವಾಪಸ್ ಕೊಡಿ, ದಿದಿಮಣಿ."

"ಅದು ನಿಮ್ಮದೇ ಅಲ್ವಾ?"

"ಹೆಸರಿಗೆ. ನಿವೃತ್ತಿಗೆ ಮುಂಚೆ ಒಂದಿಷ್ಟು ದಿನನಾದ್ರೂ ಮೇಷ್ಟ್ರಾಗ್ಬೇಕು ಅಂತ ಆಸೆ."

ಆಮೇಲೆ ಪಕ್ಕದ ಕೋಣೆಯಲ್ಲಿ ಸದ್ದೋ ಸದ್ದು.

"ಏಳನ್ನ ಎರಡರಿಂದ ಭಾಗಿಸಿದ್ರೆ ಶೇಷ ಉಳಿಯತ್ತೋ ಇಲ್ವೋ?"

"ಉಳಿಯತ್ತೆ!"

"ಕೇಳಿಸ್ಲಿಲ್ಲ!"

"ಉಳಿಯತ್ತೇ!"

ಅವರ ಮುಖದಲ್ಲಿ ಅಂಥ ಸಂತೋಷವನ್ನು ಸುಪ್ರೀತಿ ಹಿಂದೆಂದೂ ಕಂಡಿರಲಿಲ್ಲ. ಕೆಲವು ವಾರಗಳ ಬಳಿಕ ಅವರು ಝುಂಪಾ ಎಂಬ ಹುಡುಗಿಯನ್ನು ಹಲಗೆಗೆ ಕರೆದರು. ಅವಳು ಸೀಮೆಸುಣ್ಣ ಹಿಡಿದು, ಹಿಂದೆ ತಿರುಗಿ, ಉಳಿದವರು ಕೂಗುವುದನ್ನೇ ಕಾಯುತ್ತ ನಿಂತಳು. ಮುಂದೆ ಬಂದ ಮಕ್ಕಳೆಲ್ಲರೂ ಹಾಗೆಯೇ ನಿಂತರು.

"ಎಲ್ರೂ ಸರಿಯಾಗೇ ಹೇಳ್ತಿದ್ರಲ್ಲ?" ಎಂದರು ಭಬತೋಷ್, ಬೆಂಚಿನ ಮೇಲೆ ಕುಸಿದು.

"ಸಭೆ ಹೇಳ್ತಿತ್ತು, ಮಾಸ್ಟರ್‌ಮಶಾಯ್. ಒಬ್ಬೊಬ್ಬರನ್ನೇ ಕೇಳ್ಬೇಕಿತ್ತು," ಎಂದಳು ಸುಪ್ರೀತಿ ಮೆಲ್ಲಗೆ.

ಅವರಿಗೆ ಸಿಟ್ಟು ಬರಲಿಲ್ಲ. ಮಧ್ಯಾಹ್ನ ಅವಳ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತು ಪಾಠ ಹೇಳುವ ರೀತಿಯನ್ನು ನೋಡಿದರು. ದನಿ ತಗ್ಗಿಸಲು ಕಲಿತರು. ಮಗುವಿನ ಪಕ್ಕ ನೆಲದ ಮೇಲೆ ಕೂರಲು ಕಲಿತರು. ಝುಂಪಾ ತಾನೊಬ್ಬಳೇ ಒಂದು ಭಾಗಾಕಾರ ಮಾಡಿದ ದಿನ ಶಾಲೆಗೆಲ್ಲ ಬಿಸಿ ಜಿಲೇಬಿ ತರಿಸಿದರು.

ಆ ವಾರವೇ ಶ್ಯಾಮಲ್ ಘೋರುಯಿ ಮೋಟಾರ್ ಸೈಕಲ್ಲಿನಲ್ಲಿ ಬಂದ. ಒಂದು ಕಾಲದಲ್ಲಿ ಭಬತೋಷರ ಚೀಲ ಹೊತ್ತು ತಿರುಗಿದ ಮೇಷ್ಟ್ರು ಅವನು. ಈಗ ಹೊಸ ಸಂಘದ ಕಾರ್ಯದರ್ಶಿ.

"ಏನ್ ಭಬತೋಷ್‌ದಾ, ಈ ವಯಸ್ಸಲ್ಲಿ ಪಾಠದ ಚಟ ಹತ್ತಿಸ್ಕೊಂಡ್ರಂತೆ?"

"ಸಂಬಳ ಅದಕ್ಕೇ ಕೊಡೋದಲ್ವೇನೋ?"

"ಕಾಡಂಚಿನ ಶಾಲೆಗೆ ನಿಮ್ಮನ್ನ ಹಾಕೋ ಮಾತು ನಡೀತಿದೆ. ನಮ್ಮ ಸಂಘಕ್ಕೆ ಬಂದ್ಬಿಡಿ, ಇಲ್ಲೇ ಇರಬಹುದು. ಆಗೊಮ್ಮೆ ಈಗೊಮ್ಮೆ ಸಭೇಲಿ ಎರಡು ಮಾತಾಡಿ, ಸಾಕು. ನಿಮ್ಮಂಥ ಗಂಟಲು ನಮ್ಮವರಲ್ಲಿ ಯಾರಿಗಿದೆ?"

"ಹೆದರಿಸ್ತೀಯಾ? ನನ್ನನ್ನ?"

"ನಿಮ್ಮ ಮಾತೇ ದಾದಾ ಇದು. ನೀವು ಎಷ್ಟು ಜನಕ್ಕೆ ಹೇಳಿದ್ದನ್ನ ನಾನೇ ಪಕ್ಕದಲ್ಲಿ ನಿಂತು ಕೇಳಿಲ್ಲ?"

ಕಾಡಂಚಿನ ಶಾಲೆಯಲ್ಲಿ ಮೇಷ್ಟ್ರ ಹುದ್ದೆಯಷ್ಟೇ ಉಳಿದಿತ್ತು. ಮಕ್ಕಳು ಎಂದೋ ಬಿಟ್ಟು ಹೋಗಿದ್ದರು. ಮಾತು ಕೇಳದ ಮೇಷ್ಟ್ರುಗಳನ್ನು ತಾವೇ ಅಲ್ಲಿಗೆ ಕಳಿಸುತ್ತಿದ್ದುದರಿಂದ ಭಬತೋಷರಿಗೆ ಅದು ಚೆನ್ನಾಗಿ ಗೊತ್ತಿತ್ತು. ತರಗತಿ ಕೈತಪ್ಪದಿರಲಿ ಎಂದು ಅವರು ಹೊಸ ಸಂಘಕ್ಕೆ ಸೇರಿದರು.

ಮೊದಮೊದಲು ತಿಂಗಳಿಗೊಂದು ಸಭೆಯಿತ್ತು. ಆಮೇಲೆ ವಾರಕ್ಕೊಂದಾಯಿತು. ಪಂಚಾಯತಿ ಚುನಾವಣೆ ಬಂದಮೇಲೆ ಲೆಕ್ಕವೇ ಉಳಿಯಲಿಲ್ಲ. ನಿನ್ನೆ ಬೈದ ಪಕ್ಷವನ್ನು ಇಂದು ಹೊಗಳುತ್ತಿದ್ದರೆ ಚಹದಂಗಡಿಯವರು, "ಮಾಸ್ಟರ್, ಇವತ್ತು ಯಾವ ಕಡೆ?" ಎಂದು ಕಿಚಾಯಿಸುತ್ತಿದ್ದರು.

"ಬರಲ್ಲ ಅಂತ ಹೇಳ್ಬಿಡಿ," ಎಂದಳು ಸುಪ್ರೀತಿ ಒಮ್ಮೆ.

"ಹಾಗಂದ್ರೆ ಕ್ಲಾಸು ಹೋಗತ್ತೆ, ದಿದಿಮಣಿ."

"ಈಗ ಇದೆಯಾ?"

ಅವರು ಕನ್ನಡಕ ತೆಗೆದು ಒರೆಸುತ್ತ ಕುಳಿತರು.

ಝುಂಪಾಳನ್ನು ಅವಳ ತಂದೆ ಪೇಟೆಯ ಖಾಸಗಿ ಶಾಲೆಗೆ ಸೇರಿಸಿದ. ಅವಳ ಹಿಂದೆ ಇನ್ನೂ ಹಲವರು ಹೋದರು. ಭಬತೋಷರ ನಿವೃತ್ತಿ ಹತ್ತಿರವಾಗಿದೆ. ಈಗಲೂ ಅವರು ಎಲ್ಲರಿಗಿಂತ ಮೊದಲು ಶಾಲೆಗೆ ಬಂದು, ಮುಂಚೆ ಬಂದ ಯಾವುದಾದರೂ ಮಗುವಿನ ಪಕ್ಕ ನೆಲದ ಮೇಲೆ ಕುಳಿತು ಭಾಗಾಕಾರ ಹೇಳಿಕೊಡಲು ತೊಡಗುತ್ತಾರೆ. ಅಷ್ಟರಲ್ಲಿ ಸಂಘದ ಗಾಡಿ ಹಾರ್ನ್ ಹಾಕುತ್ತದೆ. ಅವರು ಎದ್ದು, ಧೋತಿಯ ಮಣ್ಣು ಕೊಡವಿಕೊಂಡು ಹೊರಡುತ್ತಾರೆ. ಮಗು ಅರ್ಧ ಮಾಡಿದ ಲೆಕ್ಕವನ್ನು ಹಿಡಿದು ಸುಪ್ರೀತಿಯ ಕೋಣೆಗೆ ಬರುತ್ತದೆ.